ಹೆಸರಿಗೆ ಮೊದಲು ಒಂದಕ್ಷರ

ನಮ್ಮ ನಾಡಿನಲ್ಲಿ ಡಾಕ್ಟರರು ಎರಡು ಬಗೆ. ನಾಡಿ ಹಿಡಿಯುವವರು ಒಂದು ಬಗೆ, ಗ್ರಂಥ ಹಿಡಿಯುವವರು ಇನ್ನೊಂದು ಬಗೆ. ಮೊದಲನೆಯವರನ್ನು ಜನ ತಾವಾಗಿ ಹುಡುಕಿಕೊಂಡು ಹೋಗುತ್ತಾರೆ. ಎರಡನೆಯವರು, ತಮ್ಮ ಹೆಸರಿಗೆ ಮೊದಲು ಆ ಅಕ್ಷರ ಹೇಗೆ ಬಂದಿತೆಂಬುದನ್ನು ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕುಳಿತ ನೆಂಟರಿಷ್ಟರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಇಷ್ಟಾದರೂ ‘ಡಾ.’ ಎಂಬ ಒಂದಕ್ಷರ, ಒಂದು ಚುಕ್ಕೆಯ ಮೇಲಣ ಮೋಹ ನಮ್ಮಲ್ಲಿ ಕಡಿಮೆಯಾಗಿಲ್ಲ. ಅದರಲ್ಲಿಯೂ ಶಿಕ್ಷಕ ವೃತ್ತಿಯವರಿಗೆ ಅದು ಬಹುದಿನದ ಕನಸು.

ಈ ವಾರ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟು ಪಡೆಯುವ ಬಗೆಯನ್ನು ವಿಚಾರಿಸೋಣ. ಅದಕ್ಕೆ ಯಾರು ಅರ್ಹರು, ಏನೇನು ಮಾಡಬೇಕು, ಮನೆಯವರು ಏನನ್ನು ಹೊರಬೇಕು ಎಂಬುದನ್ನು ತಿಳಿಯುವ ಮೊದಲೇ ಎಷ್ಟೋ ಜನ ಅರ್ಜಿ ತುಂಬಿಬಿಡುತ್ತಾರೆ. ಇನ್ನೆಷ್ಟೋ ಜನ ಅರ್ಹರಾಗಿದ್ದೂ ಹೆದರಿ ಹಿಂದೆ ಸರಿಯುತ್ತಾರೆ. ಎರಡೂ ನಷ್ಟವೇ.

ಉದಾಹರಣೆಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ತೆಗೆದುಕೊಳ್ಳೋಣ. ಬೆಳಗಾವಿ ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಒಂದಾದರೂ ಶಾಲಾ ಇಲಾಖೆಯ ಲೆಕ್ಕದಲ್ಲಿ ಎರಡು. ಈ ಮೂರು ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಮೂಡಲಗಿಯಂತೂ ಗೋಕಾಕದಿಂದ ಬೇರ್ಪಟ್ಟು ತಾಲೂಕು ಕೇಂದ್ರವಾಗುವ ಮೊದಲೇ ಪ್ರತ್ಯೇಕ ಶೈಕ್ಷಣಿಕ ವಲಯವಾಗಿತ್ತು. ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿರಿ. ಬಿ.ಎಡ್., ಎಂ.ಎಡ್. ಮುಗಿದಿವೆ, ವಯಸ್ಸು ಮೂವತ್ತನ್ನು ದಾಟಿದೆ, ಮನೆಯಲ್ಲಿ ಅತ್ತೆ, ಮಾವ, ಶಾಲೆಗೆ ಹೋಗುವ ಎರಡು ಮಕ್ಕಳು. ಓದಬೇಕೆಂಬ ಹಂಬಲ ಆರಿಲ್ಲ. ಆಕೆಗೆ ಈ ದಾರಿ ತೆರೆದಿದೆಯೇ?

ಒಂದು ಕಾಲದಲ್ಲಿ ಆ ದಾರಿ ಬಹಳ ದೂರದ್ದಾಗಿತ್ತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ೧೮೯೯ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಎನಿಸಿಕೊಂಡು ಬಂದರು. ಅವರ ವಿದ್ಯಾರ್ಥಿ ದೆಸೆಯಲ್ಲಿ ಈ ಸೀಮೆಗೆ ವಿಶ್ವವಿದ್ಯಾನಿಲಯವೆಂದರೆ ಮುಂಬಯಿಯೇ. ಕರ್ನಾಟಕ ವಿಶ್ವವಿದ್ಯಾನಿಲಯ ೧೯೪೯ರಲ್ಲಿ ಸ್ಥಾಪಿತವಾದದ್ದೂ ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂದಿತು. ಮಮದಾಪುರದ ಅದೇ ಹುಡುಗ ೧೯೫೪ರಿಂದ ೧೯೬೭ರ ವರೆಗೆ ಆ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಅದನ್ನು ಕಟ್ಟಿ ಬೆಳೆಸಿದ್ದು ಈಗ ಇತಿಹಾಸ. ೨೦೧೦ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯ ತಲೆಯೆತ್ತಿತು. ಹಿರಿಯರಿಗೆ ಸಮುದ್ರದಾಚೆ ಇದ್ದ ವಿದ್ಯೆ ಮೊಮ್ಮಕ್ಕಳಿಗೆ ಬಸ್ಸಿನ ದಾರಿಗೆ ಬಂದಿದೆ. ಊರಿಗೆ ಹತ್ತಿರವಿರುವ ವಿಶ್ವವಿದ್ಯಾನಿಲಯದಲ್ಲಿಯೇ ಓದಬೇಕೆಂಬ ನಿರ್ಬಂಧವೂ ಇಲ್ಲ. ಶಿಕ್ಷಣಶಾಸ್ತ್ರದಲ್ಲಿ ಯಾವ ವರ್ಷ ಎಲ್ಲಿ ಎಷ್ಟು ಸ್ಥಾನಗಳು ತೆರವಾಗಿವೆಯೆಂಬುದನ್ನು ವಿಶ್ವವಿದ್ಯಾನಿಲಯಗಳು ಪ್ರಕಟಿಸತಕ್ಕದ್ದು. ಆ ಪ್ರಕಟಣೆಗಳನ್ನು ತಪ್ಪದೆ ನೋಡುತ್ತಿರಬೇಕು.

ಇನ್ನು ನಿಯಮಗಳ ಮಾತು. ದೇಶಕ್ಕೆಲ್ಲ ಅನ್ವಯಿಸುವ ಚೌಕಟ್ಟು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೨ರ ನವೆಂಬರ್ ತಿಂಗಳ ನಿಯಮಾವಳಿ. ಮೂರು ವರ್ಷದ ಪದವಿಯ ಬಳಿಕ ಎರಡು ವರ್ಷದ ಸ್ನಾತಕೋತ್ತರ ಪದವಿ, ಅಥವಾ ನಾಲ್ಕು ವರ್ಷದ ಪದವಿಯ ಬಳಿಕ ಒಂದು ವರ್ಷದ ಸ್ನಾತಕೋತ್ತರ ಪದವಿ ಆಗಿರಬೇಕು; ಅದರಲ್ಲಿ ಶೇಕಡಾ ೫೫ ಅಂಕಗಳು ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಹಾಗೂ ಆರ್ಥಿಕವಾಗಿ ದುರ್ಬಲರಾದವರಿಗೆ ಶೇಕಡಾ ೫ರ ರಿಯಾಯಿತಿಗೆ ಅವಕಾಶವುಂಟು. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ ೭೫ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೂ ಅರ್ಹರೆಂದು ಈ ನಿಯಮಾವಳಿ ಹೇಳುತ್ತದೆ. ಶಿಕ್ಷಣ ವಿಷಯದಲ್ಲಿ ಸಾಮಾನ್ಯವಾಗಿ ಕೇಳುವುದು ಎಂ.ಎಡ್. ಅಥವಾ ಶಿಕ್ಷಣಶಾಸ್ತ್ರದ ಎಂ.ಎ. ಹಿಂದೆ ನಡುವೆ ಒಂದು ಮೆಟ್ಟಿಲಿನಂತಿದ್ದ ಎಂ.ಫಿಲ್. ಪದವಿಯನ್ನು ಇದೇ ನಿಯಮಾವಳಿ ನಿಲ್ಲಿಸಿತು. ಈಗ ಯಾರಾದರೂ ಹೊಸದಾಗಿ ಎಂ.ಫಿಲ್.ಗೆ ಸೇರಿಸಿಕೊಳ್ಳುತ್ತೇವೆಂದು ಹಣ ಕೇಳಿದರೆ ಕೊಡಬೇಡಿರಿ.

ವರ್ಷಗಳ ಲೆಕ್ಕ ಹಾಕಿ ನೋಡೋಣ. ಪಿ.ಯು.ಸಿ. ಆದ ಮೇಲೆ ಪದವಿಗೆ ಮೂರು. ೨೦೧೪ರ ನಿಯಮಗಳ ಪ್ರಕಾರ ಬಿ.ಎಡ್.ಗೆ ಎರಡು, ಎಂ.ಎಡ್.ಗೆ ಎರಡು, ಸಂಶೋಧನೆಗೆ ಕನಿಷ್ಠ ಮೂರು. ಒಟ್ಟು ಹತ್ತು. ಒಂದು ದಿನವೂ ವ್ಯರ್ಥವಾಗದಿದ್ದರೆ ಇಪ್ಪತ್ತೆಂಟನೆಯ ವಯಸ್ಸಿಗೆ ಮುಗಿಯಬೇಕು. ಆದರೆ ಸಂಸಾರವೆಂಬುದು ಪಂಚಾಂಗ ನೋಡಿ ನಡೆಯುವುದಿಲ್ಲ.

ಅರ್ಹತೆಯಾದ ಮೇಲೆ ಪ್ರವೇಶ. ವಿಶ್ವವಿದ್ಯಾನಿಲಯ ತಾನೇ ಪರೀಕ್ಷೆ ನಡೆಸುವುದಾದರೆ ಅದರಲ್ಲಿ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಉಳಿದರ್ಧ ವಿಷಯದ ಮೇಲೆ. ಬಳಿಕ ಸಂದರ್ಶನ. ಪರೀಕ್ಷೆಗೆ ಶೇಕಡಾ ೭೦, ಸಂದರ್ಶನಕ್ಕೆ ಶೇಕಡಾ ೩೦ ತೂಕ. ಇದಲ್ಲದೆ ‘ನೆಟ್’ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೇ ಪಿ.ಎಚ್‌ಡಿ. ಪ್ರವೇಶಕ್ಕೂ ಬಳಸಿಕೊಳ್ಳಬಹುದೆಂದು ಆಯೋಗ ೨೦೨೪ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿತು. ಆ ಪರೀಕ್ಷೆಯಲ್ಲಿ ಗೆದ್ದವರನ್ನು ಮೂರು ಸಾಲಿನಲ್ಲಿ ನಿಲ್ಲಿಸುತ್ತಾರೆ: ಸಂಶೋಧನಾ ವೇತನ, ಅಧ್ಯಾಪಕ ಹುದ್ದೆಯ ಅರ್ಹತೆ, ಪಿ.ಎಚ್‌ಡಿ. ಪ್ರವೇಶ ಮೂರಕ್ಕೂ ಅರ್ಹರಾದವರು ಮೊದಲನೆಯ ಸಾಲು, ವೇತನವಿಲ್ಲದೆ ಉಳಿದೆರಡಕ್ಕೆ ಅರ್ಹರು ಎರಡನೆಯದು, ಪಿ.ಎಚ್‌ಡಿ. ಪ್ರವೇಶಕ್ಕೆ ಮಾತ್ರ ಅರ್ಹರು ಮೂರನೆಯದು. ಕಡೆಯ ಎರಡು ಸಾಲಿನವರ ಅಂಕಗಳು ಪಿ.ಎಚ್‌ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಲಾವಣೆಯಾಗುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಎಚ್ಚರಿಕೆ. ನೆಟ್ ಪರೀಕ್ಷೆಯ ಶಿಕ್ಷಣಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಸೋತವರಿದ್ದಾರೆ. ಆದುದರಿಂದ ಮನೋವಿಜ್ಞಾನ, ಸಂಖ್ಯಾಶಾಸ್ತ್ರಗಳ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಾಯಿಪಾಠ ಮಾಡುವುದು ಮೇಲು.

ಪರೀಕ್ಷೆ ದಾಟಿದರೆ ಮಾರ್ಗದರ್ಶಕರು ಬೇಕು. ಇಲ್ಲಿಯೂ ಲೆಕ್ಕವಿದೆ. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು ಜನರಿಗೆ, ಸಹ ಪ್ರಾಧ್ಯಾಪಕರು ಆರು ಜನರಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷವೂ ಉಳಿಯದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಿರಿಯರ ಹೆಸರಿಗೆ ಮಾರುಹೋಗುವ ಮೊದಲು ಅವರ ಕೈಯಲ್ಲಿ ಸ್ಥಾನವಿದೆಯೇ, ಅವರಿಗೆ ಸೇವಾವಧಿ ಇದೆಯೇ ಎಂದು ವಿನಯದಿಂದ ವಿಚಾರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಮಹಾಪ್ರಬಂಧವನ್ನು ಯಾವ ಭಾಷೆಯಲ್ಲಿ ಬರೆಯಬಹುದೆಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ನೌಕರಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಓದಲು ನಿಯಮದಲ್ಲಿ ಅವಕಾಶವುಂಟು. ಆದರೆ ಅಂಚೆಯ ಮೂಲಕವಾಗಲಿ, ದೂರಶಿಕ್ಷಣದಲ್ಲಾಗಲಿ ಈ ಪದವಿ ದೊರೆಯದು. ಅರೆಕಾಲಿಕ ಅಭ್ಯರ್ಥಿಯು ತನ್ನ ಮೇಲಧಿಕಾರಿಗಳಿಂದ ನಿರಾಕ್ಷೇಪಣಾ ಪತ್ರ ತರಬೇಕು. ಓದಲು ಅನುಮತಿಯಿದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಪಾಠಕ್ರಮ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡಲಾಗುವುದು ಎಂಬ ಮೂರು ಮಾತುಗಳು ಅದರಲ್ಲಿರಬೇಕು. ಎರಡನೆಯ ಮಾತನ್ನು ಮತ್ತೊಮ್ಮೆ ಓದಿಕೊಳ್ಳಿರಿ. ಕಛೇರಿಯಿಂದ ಅಂಥ ಪತ್ರ ತರಬಹುದು. ಮನೆಯಿಂದ ಅಂಥ ಪತ್ರವನ್ನು ಯಾರೂ ಕೇಳುವುದಿಲ್ಲ. ಆದರೆ ನಿಜವಾಗಿ ಬೇಕಾದದ್ದು ಅದೇ.

ವಾರಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ ಐವತ್ತು ವಾರ ಓದಿದರೆ ಐನೂರು ಗಂಟೆ. ನಾಲ್ಕು ವರ್ಷಕ್ಕೆ ಎರಡು ಸಾವಿರ. ಈ ಎರಡು ಸಾವಿರ ಗಂಟೆಗಳು ಆಕಾಶದಿಂದ ಉದುರುವುದಿಲ್ಲ. ಬೆಳಗಿನ ರೊಟ್ಟಿ, ಸಂಜೆಯ ನೀರು, ಮಕ್ಕಳ ಅಭ್ಯಾಸ, ಹಬ್ಬದ ಅಡುಗೆ, ನೆಂಟರ ಉಪಚಾರ, ಇವುಗಳಿಂದಲೇ ಒಂದೊಂದಾಗಿ ಕಿತ್ತು ತೆಗೆಯಬೇಕು. ಗಂಡಸು ಓದಲು ಕುಳಿತರೆ ‘ಸದ್ದು ಮಾಡಬೇಡಿ’ ಎಂದು ಮಕ್ಕಳನ್ನು ಗದರಿಸುವ ಮನೆಗಳಲ್ಲಿಯೇ, ಹೆಂಗಸು ಓದಲು ಕುಳಿತರೆ ‘ಹಾಲು ಉಕ್ಕೀತು ನೋಡು’ ಎನ್ನುವುದು ವಾಡಿಕೆ. ಆದಕಾರಣ ಅರ್ಜಿಗೆ ರುಜು ಹಾಕುವ ಮೊದಲು ಮನೆಮಂದಿಯೆಲ್ಲ ಒಮ್ಮೆ ಕುಳಿತು ಯಾವ ಕೆಲಸ ಯಾರದೆಂದು ಹಂಚಿಕೊಳ್ಳಬೇಕು. ಸೊಸೆಯ ಹೆಸರಿಗೆ ಮೊದಲು ‘ಡಾ.’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಹುರುಪು ಎಲ್ಲರಿಗೂ ಇರುತ್ತದೆ. ಅದಕ್ಕೆ ಮೊದಲಿನ ನಾಲ್ಕಾರು ವರ್ಷ ಸಂಜೆಯ ಒಲೆಯ ಮುಂದೆ ಯಾರು ನಿಲ್ಲುತ್ತಾರೆಂಬುದು ಮುಖ್ಯ ಪ್ರಶ್ನೆ.

ನಿಯಮಗಳು ಮಾತ್ರ ಈ ಕಷ್ಟವನ್ನು ಸ್ವಲ್ಪ ಮಟ್ಟಿಗೆ ಅರಿತಿವೆ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿಕೊಂಡು ಮತ್ತೆರಡು ವರ್ಷ ಪಡೆಯಬಹುದು. ಮಹಿಳೆಯರಿಗೂ ಶೇಕಡಾ ೪೦ಕ್ಕೆ ಮೀರಿದ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಇನ್ನೆರಡು ವರ್ಷ. ಎಲ್ಲ ಸೇರಿ ಹತ್ತು ವರ್ಷ ಮೀರಬಾರದು. ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು ಅವಧಿಯಲ್ಲಿ ೨೪೦ ದಿನಗಳ ವರೆಗೆ ರಜೆ ಕೊಡಬಹುದು. ಮದುವೆಯಾಗಿಯೋ ಬೇರೆ ಕಾರಣದಿಂದಲೋ ಮಹಿಳೆ ಊರು ಬಿಟ್ಟು ಹೋಗಬೇಕಾದರೆ, ಅಲ್ಲಿಯವರೆಗೆ ನಡೆಸಿದ ಸಂಶೋಧನೆಯ ಸಾಮಗ್ರಿಯನ್ನು ಷರತ್ತುಗಳಿಗೆ ಒಳಪಟ್ಟು ಹೊಸ ಊರಿನ ವಿದ್ಯಾಸಂಸ್ಥೆಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಹುಕ್ಕೇರಿಯಲ್ಲಿ ಆರಂಭಿಸಿದ ಕೆಲಸ ಮದುವೆಯಾಯಿತೆಂಬ ಕಾರಣಕ್ಕೆ ಕಸವಾಗಬೇಕಿಲ್ಲ. ಮಗಳಿಗೆ ವರ ಹುಡುಕುತ್ತಿರುವ ತಂದೆತಾಯಿಗಳು ಈ ಮಾತನ್ನು ನೆನಪಿಡತಕ್ಕದ್ದು.

ಸೇರಿದ ಮೇಲೆ ಮೊದಲು ಪಾಠಕ್ರಮ. ಅದಕ್ಕೆ ಕನಿಷ್ಠ ೧೨ ಕ್ರೆಡಿಟ್. ಸಂಶೋಧನೆಯ ಹಾಗೂ ಪ್ರಕಟಣೆಯ ನೀತಿಯನ್ನು ಕುರಿತ ಪಾಠವೂ ಅದರಲ್ಲಿ ಸೇರಿದೆ. ಶೇಕಡಾ ೫೫ ಬಾರದಿದ್ದರೆ ಮುಂದಕ್ಕೆ ಹೋಗುವಂತಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ನಡೆದ ಕೆಲಸದ ವರದಿ ಒಪ್ಪಿಸಬೇಕು. ಕಡೆಗೆ ಮಹಾಪ್ರಬಂಧ. ಅದನ್ನು ಮಾರ್ಗದರ್ಶಕರಲ್ಲದೆ ಆ ವಿಶ್ವವಿದ್ಯಾನಿಲಯದ ನೌಕರಿಯಲ್ಲಿಲ್ಲದ ಕನಿಷ್ಠ ಇಬ್ಬರು ವಿದ್ವಾಂಸರು ಓದುತ್ತಾರೆ. ಅವರ ಒಪ್ಪಿಗೆಯಾದ ಬಳಿಕ ಮೌಖಿಕ ಪರೀಕ್ಷೆ. ಪ್ರಬಂಧ ಸಲ್ಲಿಸಿದ ಆರು ತಿಂಗಳೊಳಗೆ ಈ ಕಾರ್ಯವೆಲ್ಲ ಮುಗಿಯಬೇಕೆಂಬುದು ನಿಯಮ. ಲೇಖನ ಪ್ರಕಟಿಸಿಯೇ ತೀರಬೇಕೆಂದು ೨೦೧೬ರ ನಿಯಮಾವಳಿ ಹೇಳುತ್ತಿತ್ತು. ೨೦೨೨ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಹಣ ತೆತ್ತು ಯಾವುದೋ ಪತ್ರಿಕೆಯಲ್ಲಿ ಲೇಖನ ಅಚ್ಚು ಹಾಕಿಸುವ ಅವಸರ ಇದರಿಂದ ತಪ್ಪಿತು.

ಹಣ ಕೊಟ್ಟರೆ ಪ್ರಬಂಧವನ್ನೇ ಬರೆದುಕೊಡುತ್ತೇವೆ ಎನ್ನುವವರ ಮಾತೂ ಇಲ್ಲಿ ಬರಬೇಕು. ಅಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕೃತಿಚೌರ್ಯದ ವಿರುದ್ಧ ೨೦೧೮ರಲ್ಲಿ ಬಂದ ನಿಯಮಗಳ ಪ್ರಕಾರ, ಬೇರೆಯವರ ಬರಹದೊಡನೆ ಶೇಕಡಾ ೧೦ಕ್ಕೆ ಮೀರಿ ೪೦ರ ವರೆಗೆ ಹೋಲಿಕೆ ಕಂಡರೆ ತಿದ್ದಿ ಬರೆಯಬೇಕು. ೪೦ಕ್ಕೆ ಮೀರಿ ೬೦ರ ವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ೬೦ನ್ನು ಮೀರಿದರೆ ನೋಂದಣಿಯೇ ರದ್ದು. ಪದವಿ ಬಂದ ಮೇಲೆ ಸಿಕ್ಕಿಬಿದ್ದರೂ ಬಿಡುಗಡೆಯಿಲ್ಲ. ಒಪ್ಪಿಗೆಯಾದ ಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರಕ್ಕೆ ಸೇರಿ ಸರ್ವರ ಕಣ್ಣಿಗೂ ಬೀಳುತ್ತವೆ. ಮಕ್ಕಳ ನಕಲನ್ನು ಹಿಡಿಯುವ ಗುರುಗಳು ತಾವೇ ನಕಲು ಮಾಡಿ ಗುರುತಿಸಿಕೊಳ್ಳುವುದು ಎಂಥ ಮರ್ಯಾದೆ?

ಇಷ್ಟೆಲ್ಲ ಶ್ರಮ ಏತಕ್ಕೆ? ಇದನ್ನೂ ನೇರವಾಗಿ ಕೇಳಿಕೊಳ್ಳಬೇಕು. ಸಹಾಯಕ ಪ್ರಾಧ್ಯಾಪಕರ ಹುದ್ದೆಯೊಂದೇ ಗುರಿಯಾಗಿದ್ದರೆ ಪಿ.ಎಚ್‌ಡಿ. ಅನಿವಾರ್ಯವಲ್ಲ. ೨೦೨೩ರ ಜುಲೈ ೧ರಿಂದ ಆ ನೇಮಕಕ್ಕೆ ಪಿ.ಎಚ್‌ಡಿ. ಐಚ್ಛಿಕವೆಂದೂ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕನಿಷ್ಠ ಅರ್ಹತೆಯೆಂದೂ ಆಯೋಗ ಸಾರಿತು. ನಮ್ಮ ರಾಜ್ಯದ ಅಂಥ ಪರೀಕ್ಷೆ ಕೆ-ಸೆಟ್. ಆದರೆ ಸಹ ಪ್ರಾಧ್ಯಾಪಕರಾಗಲು, ಪ್ರಾಧ್ಯಾಪಕರಾಗಲು ಡಾಕ್ಟರೇಟು ಬೇಕು. ಬಿ.ಎಡ್. ಕಾಲೇಜಿನ ಪ್ರಾಚಾರ್ಯರಾಗುವವರಿಗೂ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ ೨೦೧೪ರ ನಿಯಮಗಳು ಅದನ್ನು ವಿಧಿಸಿದವು. ನೆಟ್‌ನಲ್ಲಿ ಮೊದಲನೆಯ ಸಾಲಿಗೆ ಬಂದು ಪೂರ್ಣಾವಧಿ ಓದುವ ತರುಣ ತರುಣಿಯರಿಗೆ ತಿಂಗಳಿಗೆ ಸಂಶೋಧನಾ ವೇತನವುಂಟು. ೨೦೨೩ರ ಜನವರಿಯಿಂದ ಅದನ್ನು ೩೭,೦೦೦ ರೂಪಾಯಿಗೆ ಏರಿಸಲಾಯಿತು. ನೌಕರಿಯಲ್ಲಿದ್ದು ಅರೆಕಾಲಿಕವಾಗಿ ಓದುವವರು ಆ ವೇತನದ ಆಸೆಯನ್ನಿಟ್ಟುಕೊಳ್ಳಬಾರದು.

ಹುದ್ದೆ, ವೇತನ, ಬಡ್ತಿಗಳನ್ನು ಬದಿಗಿಟ್ಟ ಮೇಲೆಯೂ ಉಳಿಯುವುದೊಂದಿದೆ, ಅದೇ ಪ್ರಶ್ನೆ. ಕೈಯಲ್ಲಿ ಒಂದು ನಿಜವಾದ ಪ್ರಶ್ನೆಯಿಲ್ಲದೆ ಎರಡು ಸಾವಿರ ಗಂಟೆ ಕಳೆಯುವುದು ಗಾಣದೆತ್ತಿನ ಪಾಡು. ‘ಪ್ರೌಢಶಾಲಾ ವಿದ್ಯಾರ್ಥಿಗಳ ಮನೋಧೋರಣೆ’ ಎಂಬಂಥ ಸವೆದ ವಿಷಯಗಳ ಮೇಲೆ ಧೂಳು ಹಿಡಿದ ಪ್ರಬಂಧಗಳಿಗೆ ಕೊರತೆಯಿಲ್ಲ. ಶಿಕ್ಷಣ ಸಂಶೋಧನೆಯಲ್ಲಿ ಅಲ್ಲಿಯವರೆಗೆ ಏನೇನು ನಡೆದಿದೆಯೆಂದು ಬರೋಡೆಯ ಎಂ. ಬಿ. ಬುಚ್ ಅವರು ೧೯೭೪ರಲ್ಲಿಯೇ ದೊಡ್ಡ ಸಮೀಕ್ಷೆಯನ್ನು ಹೊರತಂದರು. ಆಗಿಹೋದದ್ದನ್ನು ತಿಳಿದು ಆಗಬೇಕಾದದ್ದನ್ನು ಹಿಡಿಯಬೇಕೆಂಬುದು ಅಂಥ ಕೆಲಸದ ಉದ್ದೇಶ.

ಆಗಬೇಕಾದದ್ದು ಈ ಮೂರು ತಾಲೂಕುಗಳಲ್ಲಿ ಬೇಕಾದಷ್ಟಿದೆ. ಇದು ಕಬ್ಬಿನ ಸೀಮೆ. ನುರಿಯುವ ಹಂಗಾಮು ಬಂದೊಡನೆ ಕಬ್ಬು ಕಡಿಯುವ ತಂಡಗಳು ಸಂಸಾರ ಸಮೇತ ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕುತ್ತವೆ. ಆ ಮಕ್ಕಳ ಶಾಲೆ ಎಲ್ಲಿ? ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮಗಳ ಶಾಲೆಗಳಿವೆ. ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡಿ ಕನ್ನಡ ಶಾಲೆಗೆ ಬರುವ ಮಗು ಗಣಿತದ ಲೆಕ್ಕವನ್ನು ಯಾವ ಭಾಷೆಯಲ್ಲಿ ಯೋಚಿಸುತ್ತದೆ? ೨೦೧೯ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿಗಳ ಎಷ್ಟೋ ಮನೆಗಳನ್ನು ಮುಳುಗಿಸಿದಳು; ಪಾಟಿಚೀಲ ತೇಲಿಹೋದ ಮಕ್ಕಳ ಓದು ಮರಳಿ ಹಳಿಗೆ ಬಂದಿತೇ? ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡೆಲ್ಲ ಹರಡಿದ ‘ನಲಿ-ಕಲಿ’ ಇಲ್ಲಿನ ತರಗತಿಗಳಲ್ಲಿ ಹೇಗೆ ಬೇರೂರಿದೆ? ಗೋಕಾಕದ ಹೆಸರಾಂತ ಮರದ ಗೊಂಬೆಗಳನ್ನು ಷೋಕೇಸಿನಿಂದ ಇಳಿಸಿ ಪಾಠದ ಮೇಜಿಗೆ ತಂದರೆ ಏನಾದೀತು?

ಇವು ಇನ್ನೂ ವಿಷಯಗಳು ಮಾತ್ರ. ಸಂಶೋಧನೆಗೆ ಇವನ್ನು ಸಣ್ಣದಾಗಿ ಸೀಳಬೇಕು. ‘ಕಬ್ಬಿನ ಸೀಮೆಯ ಶಿಕ್ಷಣ’ ಎಂದರೆ ಸಾಲದು. ‘ಹಂಗಾಮಿನಲ್ಲಿ ಎರಡು ತಿಂಗಳು ಗೈರುಹಾಜರಾದ ಐದನೆಯ ತರಗತಿಯ ಮಕ್ಕಳು ಭಾಗಾಕಾರದಲ್ಲಿ ಎಷ್ಟು ಹಿಂದೆ ಬಿದ್ದಿರುತ್ತಾರೆ, ಆರು ವಾರದ ವಿಶೇಷ ಪಾಠದಿಂದ ಅದರಲ್ಲಿ ಎಷ್ಟನ್ನು ತುಂಬಬಹುದು’ ಎಂದರೆ ಅದು ಪ್ರಶ್ನೆ. ಅದಕ್ಕೆ ಬೇಕಾದ ಹಾಜರಿ ಪುಸ್ತಕ ಶಾಲೆಯ ಕಪಾಟಿನಲ್ಲಿಯೇ ಇದೆ. ಮಕ್ಕಳು ಎದುರಿಗೇ ಕುಳಿತಿದ್ದಾರೆ. ದೊಡ್ಡ ಊರಿನ ಪಂಡಿತನಿಗೆ ಇಲ್ಲದ ಅನುಕೂಲ ಹಳ್ಳಿಯ ಈ ಶಿಕ್ಷಕಿಗಿದೆ. ಹತ್ತು ವರ್ಷದಿಂದ ಆಕೆ ಆ ಮಕ್ಕಳ ಮುಖ ನೋಡಿದ್ದಾಳೆ. ಯಾವ ಹುಡುಗಿ ಯಾವ ತಿಂಗಳಲ್ಲಿ ಏಕೆ ಬರುವುದಿಲ್ಲವೆಂಬುದು ಆಕೆಗೆ ಗೊತ್ತು. ಗೊತ್ತಿದ್ದದ್ದನ್ನು ಅಳೆದು, ಪರೀಕ್ಷಿಸಿ, ಇತರರೂ ಒಪ್ಪುವಂತೆ ಬರೆಯುವುದನ್ನು ಕಲಿಸುವುದಕ್ಕೇ ಈ ಪದವಿಯ ನಿಯಮಗಳೆಲ್ಲ ಇರುವುದು.

ಆದುದರಿಂದ ಆಸೆಯುಳ್ಳ ವಾಚಕರು ಈ ತಿಂಗಳೇ ನಾಲ್ಕು ಕೆಲಸ ಮಾಡಲಿ. ಅಂಕಪಟ್ಟಿ ತೆಗೆದು ಶೇಕಡಾವಾರನ್ನು ನೋಡಿಕೊಳ್ಳಲಿ. ಶೋಧಗಂಗೆಯಲ್ಲಿ ತಮಗೆ ಹತ್ತಿರವಾದ ಮೂರು ಪ್ರಬಂಧಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲಿ. ಅದಕ್ಕೆ ಕಾಸು ಖರ್ಚಿಲ್ಲ. ತಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಶಿಕ್ಷಣಶಾಸ್ತ್ರ ಓದದ ಒಬ್ಬರಿಗೆ ತೋರಿಸಲಿ; ಅವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಯಲಿ. ಕಡೆಯದಾಗಿ, ರಾತ್ರಿ ಊಟವಾದ ಮೇಲೆ ಮನೆಯವರನ್ನೆಲ್ಲ ಕೂಡಿಸಿಕೊಂಡು ವಾರದ ಹತ್ತು ಗಂಟೆಯ ಲೆಕ್ಕವನ್ನು ಮುಂದಿಡಲಿ. ಈ ನಾಲ್ಕನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪ್ರವೇಶ ಪರೀಕ್ಷೆಯ ಪ್ರಕಟಣೆ ಹೊರಟ ದಿನ ನಿಶ್ಚಿಂತೆಯಿಂದ ಅರ್ಜಿ ಹಾಕಬಹುದು.